ತಾಯಿಗೆ ಕಂಠ ಕೊಟ್ಟವಳು

ಆ ಮನೆಯಲ್ಲಿ ಬೆಳಗಿನ ಹೊತ್ತು ಯಾರ ಮಾತನ್ನೂ ಯಾರೂ ಪೂರ್ತಿ ಕೇಳಿಸಿಕೊಳ್ಳುತ್ತಿರಲಿಲ್ಲ. ಅತ್ತೆ ಅಡುಗೆಮನೆಯಿಂದ ಕೂಗಿದ್ದು ನಡುಮನೆ ತಲುಪುವಷ್ಟರಲ್ಲಿ ಅರ್ಧವಾಗುತ್ತಿತ್ತು. ದೊಡ್ಡ ಮಗ ಬಚ್ಚಲಿನಿಂದ ಕೊಟ್ಟ ಉತ್ತರ ನೀರಿನ ಸದ್ದಿನಲ್ಲಿ ಕೊಚ್ಚಿಹೋಗುತ್ತಿತ್ತು. ಚಿಕ್ಕ ಮಗ ಲಾರಿ ಹತ್ತಿ ಹೊರಟನೆಂದರೆ ಮನೆಗೆ ಬರುವುದು ಯಾವಾಗಲೋ. ಅವನ ಸಂಸಾರ ನಡೆಯುತ್ತಿದ್ದುದೆಲ್ಲ ಫೋನಿನಲ್ಲಿ, ಅದೂ ಬಹುಪಾಲು 'ಹಲೋ, ಕೇಳಿಸ್ತಿದೆಯಾ' ಎಂಬಲ್ಲಿಗೇ ಮುಗಿಯುತ್ತಿತ್ತು. ಈ ಗದ್ದಲದಲ್ಲಿ ಸುಮ್ಮನಿರುತ್ತಿದ್ದವಳು ದೊಡ್ಡ ಸೊಸೆ ಒಬ್ಬಳೇ. ಅವಳಿಗೆ ಮಾತೇ ಕಸುಬು. ಸಿನಿಮಾದಲ್ಲಿ ಬೇರೆಯವರ ತುಟಿಗೆ ತನ್ನ ಧ್ವನಿ ಕೂಡಿಸುವ ಡಬ್ಬಿಂಗ್ ಕೆಲಸ. ಬಡಗಿಯ ಮನೆಯ ಬಾಗಿಲು ಮುರಿದಿರುತ್ತದೆ ಎನ್ನುತ್ತಾರಲ್ಲ, ಹಾಗೆ ಮನೆಗೆ ಬಂದರೆ ಅವಳು ಬಾಯಿ ಬಿಡುತ್ತಿರಲಿಲ್ಲ.

ಖಳನಾಯಕನ ಪ್ರೇಯಸಿಗೆ, ಅಳುವ ಕೂಸಿಗೆ, ಒಮ್ಮೆ ಮಾತಾಡುವ ಗಿಳಿಗೂ ಅವಳು ಧ್ವನಿ ಕೊಟ್ಟಿದ್ದಳು. ಅತ್ತೆಗೆ ಇದು ಹೇಳಿಕೊಳ್ಳುವಂಥ ವಿಷಯವಾಗಿರಲಿಲ್ಲ.

"ಯಾರೋ ಬಾಯಿ ಆಡಿಸೋದು, ಇವಳು ಕತ್ತಲೆ ಕೋಣೇಲಿ ನಿಂತು ಕಿರುಚೋದು. ಇದೂ ಒಂದು ಉದ್ಯೋಗ!" ಎನ್ನುತ್ತಿದ್ದರು ಮನೆಯಲ್ಲಿ. ನೆಂಟರು ಕೇಳಿದರೆ, "ಆಫೀಸಿಗೆ ಹೋಗ್ತಾಳೆ" ಎಂದು ಚುಟುಕಾಗಿ ಮುಗಿಸುತ್ತಿದ್ದರು.

ದೊಡ್ಡ ಮಗನದು ಕನ್ನಡಕದ ಅಂಗಡಿ. ಊರಿನವರ ದೃಷ್ಟಿ ತಿದ್ದಿ ಸುಸ್ತಾಗಿ ಬರುತ್ತಿದ್ದ ಅವನು ಮನೆಯೊಳಗೆ ಏನನ್ನೂ ಕಣ್ಣಿಟ್ಟು ನೋಡುವ ಅಭ್ಯಾಸ ಇಟ್ಟುಕೊಂಡಿರಲಿಲ್ಲ. ಮಕ್ಕಳಿಲ್ಲದ ಆ ದಂಪತಿಗೆ ಚಿಕ್ಕ ಸೊಸೆಯ ಮಗಳೇ ಮಗಳು. ಪ್ರತಿಯೊಂದಕ್ಕೂ ವಾದ ಹೂಡುತ್ತಿದ್ದುದರಿಂದ ಅವಳಿಗೆ ಮನೆಯವರೆಲ್ಲ ಇಟ್ಟ ಹೆಸರು ಲಾಯರಮ್ಮ. ಲಾಯರಮ್ಮನಿಗೆ ಮೂರ್ಛೆರೋಗವಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಮಾತ್ರೆ ನುಂಗಿದರೆ ನಿದ್ದೆ ತೂಗುತ್ತಿತ್ತು. ಸಂಜೆಯ ಹೊತ್ತಿಗೆ ವಾದದ ಮಧ್ಯದಲ್ಲೇ ಲಾಯರಮ್ಮ ದೊಡ್ಡಮ್ಮನ ತೊಡೆಯ ಮೇಲೆ ಒರಗಿಬಿಡುತ್ತಿದ್ದಳು. ಆದರೆ ವರ್ಷಗಳಿಂದ ಮೂರ್ಛೆ ಹತೋಟಿಯಲ್ಲಿತ್ತು.

ಹೀಗಿರುವಾಗ, ತಾಯಿ ಎಂದು ಊರೆಲ್ಲ ಪೂಜಿಸುವ ದೇವಿಯ ಸಿನಿಮಾ ಬಂತು.

ದೇವಿಯ ಪಾತ್ರ ಮಾಡಿದ ನಟಿ ಬೇರೆ ಭಾಷೆಯವಳು. ಸಂಭಾಷಣೆ ಬಾಯಿಗೆ ಹತ್ತದೆ, ಮುಖದ ತುಂಬ ಕರುಣೆ ತುಂಬಿಕೊಂಡು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ್ದಳು. ಆ ಎಣಿಕೆಯ ಮೇಲೆ ದೊಡ್ಡ ಸೊಸೆ, ಗಂಟಲು ತಿಳಿಯಾಗಲೆಂದು ಬಾಯಲ್ಲಿ ಲವಂಗ ಇಟ್ಟುಕೊಂಡು, "ಏಳು ಮಗಳೇ, ನಿನ್ನ ನೋವು ಇನ್ನು ನನ್ನದು" ಎಂಬ ಮಾತನ್ನು ಕೂಡಿಸಿದಳು. ಬೆನ್ನ ಹಿಂದಿನಿಂದ ಬೆಳಕು, ಎಲ್ಲಿಂದಲೋ ಗಂಟೆಯ ನಾದ, ಫ್ಯಾನಿನ ಗಾಳಿಗೆ ಹಾರುವ ಕೂದಲು. ತೆರೆಯ ಮೇಲೆ ಸಾಯುತ್ತಿದ್ದ ಹುಡುಗಿ ಎದ್ದು ಕುಳಿತಳು. ಚಿತ್ರಮಂದಿರದಲ್ಲಿ ಜನ ಎದ್ದು ನಿಂತು ಕೈಮುಗಿದರು. ಅತ್ತೆಯೂ ಮುಗಿದರು. ಹೊರಗೆ ಬರುವಾಗ ಮೊದಲ ಸಲ ಸೊಸೆಯ ಕೈ ಹಿಡಿದು, "ನಿಜವಾಗ್ಲೂ ಅದು ನಿನ್ನ ಧ್ವನೀನಾ?" ಎಂದರು.

ಲಾಯರಮ್ಮನ ಅನುಮಾನ ಬೇರೆ. "ದೊಡ್ಡಮ್ಮ, ಮಾತಾಡಿದ್ದು ನೀನು, ಬಾಯಿ ಆಡಿಸಿದ್ದು ಆ ಆಂಟಿ. ಹಾಗಾದ್ರೆ ದೇವರು ಏನು ಮಾಡ್ತು?"

"ಬಾಯಿ ಮುಚ್ಚೇ, ಕೆನ್ನೆಗೆ ಬಡ್ಕೋ" ಎಂದರು ಅಜ್ಜಿ.

"ಯಾರ ಕೆನ್ನೆಗೆ?" ಎಂದಳು ಲಾಯರಮ್ಮ.

ಕೆಲವು ವಾರ ಕಳೆದು ಹುಡುಗಿಗೆ ಜ್ವರ ಬಂತು, ಜ್ವರದ ಜೊತೆಗೆ ಮೂರ್ಛೆಯೂ ಬಂತು. ನಡುಮನೆಯಲ್ಲಿ ಬಿದ್ದಳು. ದೊಡ್ಡ ಸೊಸೆ ಡಾಕ್ಟರು ಹೇಳಿಕೊಟ್ಟ ಹಾಗೆ ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ದಿಂಬು ಕೊಟ್ಟು, ಬೇರೇನು ಮಾಡಲೂ ತೋಚದೆ ಮಗುವಿಗೆ ಇಷ್ಟವಾದ ಆ ಮಾತನ್ನೇ ಕಿವಿಯ ಬಳಿ ಹೇಳಿದಳು. ಏಳು ಮಗಳೇ. ಹುಡುಗಿ ನಿಧಾನವಾಗಿ ಕಣ್ಣು ಬಿಟ್ಟಳು.

ಮೂರ್ಛೆ ಎಂಬುದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಹಿಂದೆ ಬಂದಾಗಲೂ ಹಾಗೆಯೇ ಇಳಿದಿತ್ತು. ಆಗ ಯಾರೂ ಕಿವಿಯ ಬಳಿ ಏನೂ ಹೇಳಿರಲಿಲ್ಲವಾದ್ದರಿಂದ ಯಾರಿಗೂ ಅದು ನೆನಪಿರಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ, ಮುರಿದ ಕೊಂಬೆಯನ್ನು ಬಿಟ್ಟು ಕಾಗೆಯನ್ನು ಪೂಜಿಸುವವರೇ ಹೆಚ್ಚು. ಬಾಗಿಲಲ್ಲಿ ನಿಂತಿದ್ದ ಅತ್ತೆ ಅಲ್ಲೇ ಕುಸಿದು ಕುಳಿತು ಸೊಸೆಗೆ ಕೈಮುಗಿದರು.

"ಅಯ್ಯೋ ಅತ್ತೆ, ಏನಿದು!"

"ನಿನಗಲ್ಲ ಕಣಮ್ಮಾ. ನಿನ್ನ ಗಂಟಲಲ್ಲಿ ಕೂತಿರೋಳಿಗೆ."

ಸುದ್ದಿಗೆ ಕಾಲು ಬರಲು ತಡವಾಗಲಿಲ್ಲ. ಮೊದಲು ಬೇಕರಿಯವನ ತಾಯಿ ಮಂಡಿನೋವು ಹೊತ್ತು ಬಂದಳು; ಬಳಿಕ ಬಸ್ ಕಂಡಕ್ಟರನ ಹೆಂಡತಿ, ನಿದ್ದೆ ಬಾರದ ಮುದುಕ, ಪರೀಕ್ಷೆ ಹೆದರಿಕೆಯ ಹುಡುಗರು. ಸಂಜೆಯ ಹೊತ್ತು ನಡುಮನೆಯಲ್ಲಿ ಕುರ್ಚಿ ಸಾಲದಾಯಿತು. ದೊಡ್ಡ ಸೊಸೆ ಬಂದವರ ಮುಂದೆ ಕುಳಿತು ಆ ಒಂದು ಮಾತು ಹೇಳಬೇಕು. ಅದಕ್ಕೆ ಮುಂಚೆ ಬೇರೆ ಮಾತಾಡಬಾರದು, ಕೆಮ್ಮಬಾರದು. ಈ ನಿಯಮಗಳನ್ನು ಯಾವ ಶಾಸ್ತ್ರವೂ ಹೇಳಿರಲಿಲ್ಲ. ಅತ್ತೆಯೇ ಒಂದೊಂದಾಗಿ ಕಂಡುಹಿಡಿದರು, ಕಂಡುಹಿಡಿದ ಮಾರನೆಯ ದಿನವೇ ಅವು ಅನಾದಿಕಾಲದವಾದವು. ಯಾರಿಂದಲೂ ಅವರು ಬಿಡಿಗಾಸು ಮುಟ್ಟಲಿಲ್ಲ ಎಂಬುದನ್ನೂ ಹೇಳಲೇಬೇಕು. ಗಂಡ ಸತ್ತ ಮೇಲೆ ಯಾರೂ ಏನೂ ಕೇಳದೆ ಮೂಲೆಗೆ ಸರಿದಿದ್ದ ಹೆಂಗಸು. ಈಗ ಬಾಗಿಲಲ್ಲಿ ನಿಂತು, "ನಿಧಾನಮ್ಮಾ, ಎಲ್ಲರಿಗೂ ಆಗುತ್ತೆ" ಎನ್ನುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು.

"ಇದು ಸರಿಯಲ್ಲ ಕಣ್ರೀ" ಎಂದಳು ದೊಡ್ಡ ಸೊಸೆ ಗಂಡನಿಗೆ. "ಸಿನಿಮಾದಲ್ಲಿ ಆ ಮಗು ಎದ್ದಿದ್ದು ನನ್ನ ಮಾತಿಗಲ್ಲ. ಏಳು ಅಂತ ನಿರ್ದೇಶಕರು ಕೈ ತೋರಿಸಿದ್ರು, ಎದ್ದಳು."

"ಯಾರಿಗೆ ಏನು ನಷ್ಟ ಹೇಳು? ಒಂದು ಮಾತು ತಾನೆ? ಅಮ್ಮ ಎಷ್ಟು ಖುಷಿಯಾಗಿದ್ದಾರೆ ನೋಡು" ಎಂದು ಅವನು ಕನ್ನಡಕ ಒರೆಸಿಕೊಂಡ.

ಮರುದಿನ ಸಂಜೆಯೂ ಅವಳು ಬಂದವರ ಮುಂದೆ ಕುಳಿತಳು. ಕೆಲಸದಿಂದ ಬಂದ ತಕ್ಷಣ ಅತ್ತೆಯ ಕೈಯಿಂದಲೇ ಬಿಸಿ ಹಾಲು ಸಿಗುತ್ತಿತ್ತು, ಸಕ್ಕರೆ ಹಾಕಿದ್ದು. ಕಿರುಚುವ ಕೆಲಸವೆಂಬ ಮಾತು ಆ ಮನೆಯಲ್ಲಿ ಮತ್ತೆ ಕೇಳಿಬರಲಿಲ್ಲ. ಎಷ್ಟೋ ವರ್ಷ ಮೂದಲಿಕೆ ತಿಂದವಳಿಗೆ ಮರ್ಯಾದೆಯ ರುಚಿ ಕಹಿಯಾಗಲು ಸ್ವಲ್ಪ ಕಾಲ ಬೇಕು.

ಒಂದು ದಿನ ಅವಳು ಕೆಲಸಕ್ಕೆ ಹೋದಾಗ ಅತ್ತೆ ಚಿಕ್ಕ ಸೊಸೆಯನ್ನು ಕರೆದರು. ಅವಳ ಕೈಯಲ್ಲಿ ಮಗಳ ಮಾತ್ರೆಯಿತ್ತು.

"ಅದನ್ನ ಇನ್ನೂ ಯಾಕೆ ಕೊಡ್ತೀಯ?"

"ಡಾಕ್ಟರು ನಿಲ್ಲಿಸಬಾರದು ಅಂದಿದ್ದಾರೆ ಅತ್ತೆ."

"ಅವರು ಹೇಳ್ತಾರೆ. ವಾಸಿಯಾದ್ರೆ ಅವರ ಹತ್ತಿರ ಯಾರು ಹೋಗ್ತಾರೆ? ಊರವರೆಲ್ಲ ನಮ್ಮ ಮನೆಗೆ ಬಂದು ಗುಣ ಆಗ್ತಿದ್ದಾರೆ, ನಮ್ಮ ಮಗೂಗೆ ನಾವೇ ಮಾತ್ರೆ ಕೊಟ್ರೆ ತಾಯಿ ಏನಂದ್ಕೋಬೇಕು? ಎರಡು ದೋಣಿ ಮೇಲೆ ಕಾಲಿಡಬಾರದು ಕಣೇ."

ಚಿಕ್ಕ ಸೊಸೆ ಮಾತ್ರೆ ನೋಡಿದಳು.

"ಕ್ಲಾಸಲ್ಲಿ ತೂಕಡಿಸ್ತಾಳೆ ಅಂತ ಟೀಚರ್ ಬೈದಿದ್ದು ನೀನೇ ಅಲ್ವಾ ಹೇಳಿದ್ದು? ನಾಳೆ ಮದುವೆ ವಯಸ್ಸಿಗೆ ಬಂದಾಗ, ಹುಡುಗಿ ದಿನಾ ಏನು ನುಂಗ್ತಾಳೆ ಅಂತ ಕೇಳಿದ್ರೆ ಏನು ಹೇಳ್ತೀಯ? ದೊಡ್ಡವಳಿಗೆ ಮಾತ್ರ ಹೇಳ್ಬೇಡ. ಅವಳ ಮನಸ್ಸಲ್ಲಿ ಅನುಮಾನ ಹೊಕ್ಕರೆ ಮಾತಿಗೆ ಶಕ್ತಿ ಇರಲ್ಲ."

ತಾಯಿಯ ವಾದಕ್ಕಿಂತ ಮದುವೆಯ ವಾದ ಹೆಚ್ಚು ಕೆಲಸ ಮಾಡಿತು. ಗಂಡ ದೂರದಲ್ಲಿ, ಕೇಳೋಣವೆಂದರೆ ಫೋನು ಗೊರಗೊರ. ಮಾತ್ರೆ ಡಬ್ಬಿಗೆ ಮರಳಿತು.

ಆಮೇಲಿನ ದಿನಗಳು ಆ ಮನೆಯ ಅತಿ ಸಂತೋಷದ ದಿನಗಳು. ಲಾಯರಮ್ಮ ತೂಕಡಿಸುವುದನ್ನು ಬಿಟ್ಟಳು. ಸಂಜೆಯೆಲ್ಲ ಎಚ್ಚರವಾಗಿದ್ದು ಬಂದವರನ್ನು ಪಾಟೀಸವಾಲು ಮಾಡಿದಳು. "ನಿಮ್ಮ ಮಂಡಿ ನೋವು ದೊಡ್ಡಮ್ಮಂಗೆ ಬಂದಿದ್ರೆ ಅವಳು ಯಾಕೆ ಕುಂಟ್ತಿಲ್ಲ?" ಎಂದು ಬೇಕರಿಯವನ ತಾಯಿಯನ್ನು ಕೇಳಿ ಮನೆಯವರೆಲ್ಲ ಬಾಯಿಗೆ ಕೈ ಅಡ್ಡ ಇಡುವಂತೆ ಮಾಡಿದಳು. ಎಷ್ಟು ಚುರುಕಾಗಿದ್ದಾಳೆ ನಮ್ಮ ಹುಡುಗಿ ಎಂದು ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ದೊಡ್ಡ ಸೊಸೆ.

ಇಂಥ ಮನೆಗೆ ಒಂದು ಮಧ್ಯಾಹ್ನ ಒಬ್ಬ ನಿರ್ದೇಶಕಿ ಬಂದಳು. ಕತ್ತರಿಸಿದ ಕೂದಲು, ಸವೆದ ಚಪ್ಪಲಿ. ಪವಾಡ ನಂಬಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಮೇಲೆ ಅವಳು ಸಿನಿಮಾ ಮಾಡಿದ್ದಳು. ಆ ತಾಯಿಗೆ ಧ್ವನಿ ಬೇಕಿತ್ತು.

"ಆಗಲ್ಲ" ಎಂದರು ಅತ್ತೆ, ಕೇಳಿದ್ದು ಸೊಸೆಯನ್ನಾದರೂ. "ತಾಯಿ ಮಾತಾಡಿದ ನಾಲಿಗೆಯಲ್ಲಿ ತಾಯಿಯನ್ನ ಬೈಸ್ತೀರಾ?"

"ದೇವರನ್ನ ಯಾರೂ ಬೈಯಲ್ಲ ಅಮ್ಮ. ದೇವರಿದ್ದಾನೋ ಇಲ್ವೋ ಅನ್ನೋದು ನನ್ನ ಸಿನಿಮಾನೇ ಅಲ್ಲ. ಮಗೂಗೆ ಔಷಧಿ ನಿಲ್ಲಿಸಿದ್ದು ಯಾರು ಅಂತ ಅಷ್ಟೇ ಕೇಳ್ತೀನಿ."

ಚಿಕ್ಕ ಸೊಸೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಔಷಧಿ ತಗೊಂಡು ಯಾರೂ ಸತ್ತೇ ಇಲ್ವೇನಮ್ಮಾ? ಅದರ ಮೇಲೆ ಒಂದು ಸಿನಿಮಾ ತೆಗೀರಿ."

"ತೆಗೆಯೋಣ. ಔಷಧಿ ಕೆಲಸ ಮಾಡದೇ ಇದ್ರೆ ಡಾಕ್ಟರನ್ನ ನಿಲ್ಲಿಸಿ ಕೇಳ್ತೀವಿ, ಬೇರೆ ಕಡೆಗೆ ಹೋಗ್ತೀವಿ. ಪವಾಡ ಕೆಲಸ ಮಾಡದೇ ಇದ್ರೆ ಯಾರನ್ನ ಕೇಳ್ತೀವಿ? ನಮ್ಮ ಭಕ್ತಿ ಸಾಲದು ಅಂತ ನಮ್ಮನ್ನೇ ಬೈಕೊಳ್ತೀವಿ."

"ಕಾಲೇಜು ಮಾತು!" ಎಂದು ಅತ್ತೆ ಎದ್ದರು. "ಈ ಮನೆಯಿಂದ ಅಂಥದಕ್ಕೆ ಯಾರೂ ಬರಲ್ಲ."

ದೊಡ್ಡ ಸೊಸೆ ನಿರ್ದೇಶಕಿಯ ಕಡೆಗೆ ತಿರುಗಿದಳು. "ನಾಳಿದ್ದು ಬರ್ತೀನಿ" ಎಂದಳು. "ಗಿಳಿಗೆ ಧ್ವನಿ ಕೊಟ್ಟೆ ಅಂತ ನನಗೆ ರೆಕ್ಕೆ ಬರಲಿಲ್ಲ ಅತ್ತೆ. ಇದೂ ಕೆಲಸ."

ಅಂದಿನಿಂದ ಬಿಸಿ ಹಾಲು ನಿಂತಿತು.

ಡಬ್ಬಿಂಗ್ ಕೋಣೆ ಕಿಟಕಿಯಿಲ್ಲದ್ದು. ಗೋಡೆಗೆ ಸದ್ದು ಹೀರುವ ಮೆತ್ತೆ, ಎದುರಿಗೆ ತೆರೆ, ಮಧ್ಯೆ ಮೈಕು. ಫೋನುಗಳನ್ನು ಹೊರಗಿನ ಬುಟ್ಟಿಯಲ್ಲಿ ಬಾಯಿ ಮುಚ್ಚಿಸಿ ಇಟ್ಟು ಒಳಗೆ ಬರಬೇಕು. ಮೊದಲ ದೃಶ್ಯದಲ್ಲಿ ಪವಾಡ ಮಾಡುವ ಹೆಂಗಸು ಕೆಂಗಣ್ಣು ಬಿಟ್ಟು ಗಹಗಹಿಸಿ ನಕ್ಕಳು. ದೊಡ್ಡ ಸೊಸೆಗೂ ನಗು ಬಂತು.

"ಯಾಕೆ, ಸರಿಯಿಲ್ವಾ?" ಎಂದಳು ನಿರ್ದೇಶಕಿ ಗಾಜಿನಾಚೆಯಿಂದ.

"ಹೀಗೆ ನಕ್ಕೊಂಡು ಬಂದ್ರೆ ಯಾರು ನಂಬ್ತಾರೆ ಮೇಡಂ? ಕೂಸು ಕೂಡ ಓಡಿಹೋಗುತ್ತೆ. ನಮ್ಮ ಅತ್ತೆ ಹೀಗಿಲ್ಲ. ಎಲ್ಲರನ್ನೂ ಕೂರಿಸಿ ನೀರು ಕೊಡ್ತಾರೆ. ಮೋಸಗಾರರನ್ನ ತೋರಿಸಿದ್ರೆ ಜನ, ಸದ್ಯ, ನಮ್ಮ ಮನೆಯವರು ಹೀಗಿಲ್ಲ ಅಂತ ಸಮಾಧಾನ ಮಾಡ್ಕೊಂಡು ಹೋಗ್ತಾರೆ."

ನಿರ್ದೇಶಕಿ ಕಾಗದದ ಅಂಚಿನಲ್ಲಿ ಏನೋ ಬರೆದುಕೊಂಡಳು. ಮುಂದಿನ ದೃಶ್ಯ ಬಂತು. ತೆರೆಯ ಮೇಲಿನ ತಾಯಿ ನೆರೆಯವಳಿಗೆ ಹೇಳುತ್ತಾಳೆ: ಔಷಧಿ ಬಿಟ್ಟ ಮೇಲೆ ನನ್ನ ಮಗ ಎಷ್ಟು ಗೆಲುವಾಗಿದ್ದಾನೆ ನೋಡು, ಮುಂಚೆ ಸದಾ ಮಂಪರು. ಕೆಂಪು ದೀಪ ಹತ್ತಿತು. ನಟಿಯ ತುಟಿ ಅಲುಗಿತು. ದೊಡ್ಡ ಸೊಸೆ ಶುರುಮಾಡಿದಳು: "ಎಷ್ಟು ಗೆಲುವಾಗಿದ್ದಾನೆ ನೋಡು. ಮುಂಚೆ ಸದಾ..."

ತುಟಿ ಮುಂದೆ ಹೋಯಿತು, ಧ್ವನಿ ನಿಂತಿತು.

"ಇನ್ನೊಂದು ಸಲ" ಎಂದರು ಆಚೆಯಿಂದ.

ಅವಳು ಆಗಲೇ ಬಾಗಿಲು ತಳ್ಳಿದ್ದಳು. ಲಾಯರಮ್ಮ ತೂಕಡಿಸಿ ಎಷ್ಟು ದಿನವಾಯಿತು? ಸಂಜೆ ತೊಡೆಯ ಮೇಲೆ ಒರಗಿ ಎಷ್ಟು ದಿನವಾಯಿತು? ಬುಟ್ಟಿಯಲ್ಲಿ ಅವಳ ಫೋನು ಮಿನುಗುತ್ತಿತ್ತು. ಗಂಡನ ಕರೆಗಳು, ಒಂದರ ಕೆಳಗೊಂದು. ತಿರುಗಿ ಮಾಡಿದರೆ ಅವನು ಎತ್ತಲಿಲ್ಲ.

ಅವರ ಬೀದಿಯ ತಿರುವಿಗೆ ಬರುವಾಗಲೇ ಅವಳಿಗೆ ತನ್ನ ಧ್ವನಿ ಕೇಳಿಸಿತು.

ಏಳು ಮಗಳೇ, ನಿನ್ನ ನೋವು ಇನ್ನು ನನ್ನದು. ತುಸು ಮೌನ, ಗಂಟೆಯ ನಾದ. ಮತ್ತೆ, ಏಳು ಮಗಳೇ. ಮನೆಯ ಕಿಟಕಿಯಿಂದ ಹೊರಬಿದ್ದು ಬೀದಿಯ ತುಂಬ ಹರಡುತ್ತಿತ್ತು. ಕಿಟಕಿಯ ಹೊರಗೆ ಕೆಲವರು ಕೈಮುಗಿದು ನಿಂತಿದ್ದರು. ಅವಳು ಅವರನ್ನು ನೂಕಿಕೊಂಡು ಒಳಗೆ ಹೋದಳು.

ನೆಲದ ಮೇಲೆ ಹುಡುಗಿ. ಕೈಕಾಲು ಇನ್ನೂ ಅದುರುತ್ತಿತ್ತು, ತುಟಿ ನೀಲಿಗಟ್ಟಿತ್ತು. ಗಂಡ ಮಂಡಿಯೂರಿ ಅವಳ ಕಿವಿಗೆ ಫೋನು ಹಿಡಿದಿದ್ದ. ಸಿನಿಮಾದ ಆ ತುಣುಕು ಮುಗಿದ ಕೂಡಲೇ ಬೆರಳಿನಿಂದ ಮತ್ತೆ ಮೊದಲಿಗೆ ತರುತ್ತಿದ್ದ. ಅವನ ಕನ್ನಡಕದ ಮೇಲೆ ಬೆವರು ಹನಿದಿತ್ತು.

"ಯಾವಾಗಿಂದ?" ಎಂದಳು.

"ನೀನು ಫೋನ್ ಎತ್ತಲಿಲ್ಲ... ಅಮ್ಮ ಹೇಳಿದ್ರು..."

"ಸ್ವಲ್ಪ ತಡೀರಿ, ಕೇಳಿಸ್ಕೊಳ್ತಿದ್ದಾಳೆ" ಎಂದರು ಅತ್ತೆ, ಕೈಮುಗಿದೇ. "ನೀನೇ ಬಂದೆಯಲ್ಲ. ಹೇಳಮ್ಮಾ, ಬಾಯಿ ಬಿಟ್ಟು ಹೇಳು!"

ದೊಡ್ಡ ಸೊಸೆ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದಳು. ಹಿಂದೆ ಫೋನು ಇನ್ನೂ ಏಳು ಎನ್ನುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಸ್ಪತ್ರೆಯ ಡಾಕ್ಟರು ಬಹಳ ಹೊತ್ತು ಒಳಗಿದ್ದು ಹೊರಗೆ ಬಂದರು. ಹೇಳಬೇಕಾದ್ದನ್ನು ಹೇಳಿ, ಆಮೇಲೆ ಮೆಲ್ಲಗೆ ಕೇಳಿದರು: "ಮಾತ್ರೆ ಯಾವಾಗ ನಿಲ್ಲಿಸಿದ್ರಿ?" ಬೆಂಚಿನ ಮೇಲೆ ಕುಳಿತಿದ್ದ ಚಿಕ್ಕ ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಬೇಗ ಕರ್ಕೊಂಡು ಬಂದಿದ್ರೂ..." ಎಂದು ಜೊತೆಗೆ ಬಂದಿದ್ದ ಕಂಡಕ್ಟರನ ಹೆಂಡತಿ ಸಮಾಧಾನ ಹೇಳಲು ಹೋದಳು. ಡಾಕ್ಟರು, "ಬೇಗ ಕರ್ಕೊಂಡು ಬಂದಿದ್ರೆ ಉಳಿಸಬಹುದಿತ್ತೋ ಏನೋ" ಎಂದರು. ಸುಳ್ಳು ಸಮಾಧಾನ ಅವರ ಬಾಯಿಗೆ ಬರಲಿಲ್ಲ.

ಮಗು ಸತ್ತ ಮನೆಯಲ್ಲಿ ನಂಬಿಕೆಯೂ ಸತ್ತಿತೆಂದು ನೀವು ಎಣಿಸಿದರೆ, ನೀವು ಸಿನಿಮಾ ಹೆಚ್ಚು ನೋಡುತ್ತೀರಿ ಎಂದರ್ಥ. ತೆರೆಯ ಮೇಲೆ ಇಂಥ ಹೊತ್ತಿಗೆ ಮುದುಕಿ ಎದೆ ಬಡಿದುಕೊಂಡು ತಪ್ಪೊಪ್ಪಿಕೊಳ್ಳುತ್ತಾಳೆ, ಸಂಗೀತ ಏರುತ್ತದೆ. ಈ ಅತ್ತೆ ಊಟ ಬಿಟ್ಟರು, ಮಾತು ಬಿಟ್ಟರು, ಮೊಮ್ಮಗಳ ಬಟ್ಟೆ ಎದೆಗೊತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದರು. ಅವರ ದುಃಖದಲ್ಲಿ ಕೂದಲೆಳೆಯಷ್ಟೂ ನಾಟಕವಿರಲಿಲ್ಲ. ಆದರೆ ಎದ್ದು ಕುಳಿತ ದಿನ ಅವರು ಆಡಿದ ಮೊದಲ ಮಾತು ಇದು:

"ಆ ನಾಸ್ತಿಕರ ಸಿನಿಮಾಗೆ ನೀನು ಹೋಗ್ದೇ ಇದ್ದಿದ್ರೆ ತಾಯಿ ನಿನ್ನ ಗಂಟಲು ಬಿಟ್ಟು ಹೋಗ್ತಿರಲಿಲ್ಲ."

ಅತ್ತೆಯ ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಅದೇ ಭಯಂಕರ. ಗಂಡ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ್ದ. ಊರಿಗೆ ಮರಳಿದ ಚಿಕ್ಕ ಮಗ ಲಾರಿಯ ಕೆಳಗೆ ನೆರಳಲ್ಲಿ ಕುಳಿತವನು ಮನೆಯೊಳಗೆ ಬರುತ್ತಿರಲಿಲ್ಲ. ಚಿಕ್ಕ ಸೊಸೆ ಮಾತ್ರ ಎಂದಿನಂತೆ ಪಾತ್ರೆ ತೊಳೆಯುತ್ತಿದ್ದಳು, ನೆಲ ಒರೆಸುತ್ತಿದ್ದಳು. ಅವಳ ಬಾಯಿಂದ ಒಂದು ಸದ್ದೂ ಬಂದಿರಲಿಲ್ಲ.

ಒಂದು ಸಂಜೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಬಲು ದೂರದಿಂದ ಬಂದವಳು, ಈ ಮನೆಯಲ್ಲಿ ನಡೆದದ್ದನ್ನು ತಿಳಿಯದವಳು. ಹೆಗಲ ಮೇಲೆ ಪುಟ್ಟ ಮಗ, ಮಲಗಿಬಿಟ್ಟಿದ್ದ.

"ಇವನಿಗೆ ಮೂರ್ಛೆ ಬರುತ್ತೆ ಅಮ್ಮ. ಇಲ್ಲಿ ವಾಸಿ ಆಗುತ್ತೆ ಅಂದ್ರು. ಮಾತ್ರೆಯಿಂದ ಬರೀ ನಿದ್ದೆ."

ಅತ್ತೆಯ ಮುಖದಲ್ಲಿ ಬಹಳ ದಿನಗಳ ಮೇಲೆ ಜೀವ ಬಂತು. "ಬಾಮ್ಮಾ, ಕೂತ್ಕೋ. ತಾಯಿ ಇನ್ನೊಂದು ಅವಕಾಶ ಕೊಟ್ಟಿದ್ದಾಳೆ" ಎಂದು ಕುರ್ಚಿ ಎಳೆದು ದೊಡ್ಡ ಸೊಸೆಯತ್ತ ತಿರುಗಿದರು. "ಹೇಳಮ್ಮಾ."

"ಹೇಳಲ್ಲ ಅತ್ತೆ" ಎಂದಳು ದೊಡ್ಡ ಸೊಸೆ.

"ನಿನ್ನ ಕಾಲಿಗೆ ಬೀಳ್ತೀನಿ."

"ಬಿದ್ರೂ ಹೇಳಲ್ಲ. ಇನ್ನು ಈ ಮನೇಲಿ ಆ ಮಾತು ಯಾರಿಗೂ ಹೇಳಲ್ಲ."

"ಹಾಗಾದ್ರೆ ಫೋನಲ್ಲಿದೆಯಲ್ಲ" ಎಂದು ಅತ್ತೆ ಮಗನ ಕಡೆಗೆ ತಿರುಗಿದರು. "ಹಾಕೋ."

ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಅಲ್ಲಾಡಿಸಿದ. ನಡುಮನೆಗೆ ಬಂದು ನಿಂತ ಹೆಂಗಸು ಒಬ್ಬೊಬ್ಬರ ಮುಖವನ್ನೇ ನೋಡಿದಳು. "ನನ್ನ ಭಕ್ತಿಯಲ್ಲಿ ಏನಾದ್ರೂ ಕಮ್ಮಿ ಇದ್ರೆ ಹೇಳಿ ಅಮ್ಮ. ಇವತ್ತಿಂದ ಮಾತ್ರೆ ನಿಲ್ಲಿಸಿಬಿಡ್ತೀನಿ" ಎಂದಳು.

ಅಡುಗೆಮನೆಯ ಬಾಗಿಲಿಂದ ಚಿಕ್ಕ ಸೊಸೆ ಹೊರಗೆ ಬಂದಳು. ಕೈ ಇನ್ನೂ ಒದ್ದೆಯಾಗಿತ್ತು.

"ನಾನು ನಿಲ್ಲಿಸಿದೆ" ಎಂದಳು. ಬಹಳ ದಿನ ಬಳಸದ ಧ್ವನಿ, ಒಡೆದು ಬಂತು. "ನನಗೊಬ್ಬಳು ಮಗಳಿದ್ದಳು. ಇದೇ ಕಾಯಿಲೆ. ನಿದ್ದೆ ಬರುತ್ತೆ ಅಂತ, ಮದುವೆ ಆಗಲ್ಲ ಅಂತ, ಈ ಕೈಯಲ್ಲೇ ಮಾತ್ರೆ ನಿಲ್ಲಿಸಿದೆ. ಇಲ್ಲೇ ಬಿದ್ದಳು, ನೀವು ನಿಂತಿರೋ ಕಡೆ. ಆ ಮಾತು ಎಷ್ಟೋ ಸಲ ಕೇಳಿಸಿದ್ವಿ. ಏಳಲಿಲ್ಲ."

"ಸಾಕು ಮುಚ್ಚೇ!" ಎಂದು ಅತ್ತೆ ಕೂಗಿದರು.

"ಮುಚ್ಚಿದ್ದೆ ಅತ್ತೆ. ಮುಚ್ಚಿದ್ದಕ್ಕೇ ಹೋದಳು."

ಅತ್ತೆ ಕುರ್ಚಿಯ ಬೆನ್ನನ್ನು ಹಿಡಿದು ನಿಂತರು. ಚಿಕ್ಕ ಸೊಸೆ ಅವರತ್ತ ನೋಡದೆ ಆ ಹೆಂಗಸಿನ ಹತ್ತಿರ ಹೋಗಿ, ಮಲಗಿದ್ದ ಹುಡುಗನ ಕತ್ತು ವಾಲದಂತೆ ಹೆಗಲ ಮೇಲೆ ಸರಿಮಾಡಿದಳು.

"ನಿದ್ದೆ ಮಾಡಲಿ ಬಿಡಿ" ಎಂದಳು. "ನಿದ್ದೆ ಮಾಡೋ ಮಗು ಬೆಳಿಗ್ಗೆ ಏಳುತ್ತೆ. ನಿದ್ದೆ ಜಾಸ್ತಿ ಅನಿಸಿದ್ರೆ ಡಾಕ್ಟರನ್ನ ಕೇಳಿ, ಬೇರೆ ಮಾತ್ರೆ ಬರೆದುಕೊಡ್ತಾರಂತೆ. ನನಗೆ ಆಮೇಲೆ ಗೊತ್ತಾಯ್ತು."

ಹೆಂಗಸು ಹೆಗಲ ಮೇಲಿನ ಮಗನ ಮುಖ ನೋಡಿದಳು. ಆಮೇಲೆ ಒಂದು ಕೈಯಿಂದ ಚೀಲ ತಡಕಿ, ಮಡಿಸಿದ ಬಟ್ಟೆಗಳ ಅಡಿಯಿಂದ ಮಾತ್ರೆಯ ಪಟ್ಟಿಯನ್ನು ಹೊರತೆಗೆದಳು.

"ಇವತ್ತಿಂದು ಇನ್ನೂ ಕೊಟ್ಟಿಲ್ಲ" ಎಂದಳು ಸಣ್ಣ ದನಿಯಲ್ಲಿ. "ಒಂದು ಲೋಟ ನೀರು ಕೊಡ್ತೀರಾ?"